ಕಟ್ಟಿದ ಮೈ, ಕಟ್ಟುಬಿದ್ದ ಮೈ

ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಲ್ಲಿ ಕಬಡ್ಡಿ ಆಡುವ ಪರಿಚಯದ ಹುಡುಗನೊಬ್ಬ ಭಾರ ಎತ್ತುವ ಅಭ್ಯಾಸವನ್ನೇ ಬಿಟ್ಟುಬಿಟ್ಟಿದ್ದ. ಕಾರಣ ಒಂದು ಇಂಗ್ಲಿಷ್ ಪದ. ‘ಮಸಲ್‌ಬೌಂಡ್ ಆಗ್ತಿ, ರೇಡಿಗೆ ಹೋದಾಗ ಮೈ ಬಾಗೂದಿಲ್ಲ’ ಎಂದು ಹಿರಿಯ ಆಟಗಾರರೊಬ್ಬರು ಎಚ್ಚರಿಸಿದ್ದರಂತೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಅವನು ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಮಾಂಸಖಂಡಗಳು ಅತಿಯಾಗಿ ಬೆಳೆದು ಬಾಗುವ ಗುಣ ಕಳೆದುಕೊಂಡ ಮೈಗೆ ಹೇಳುವ ವಿಶೇಷಣವಿದು. ‘ಬೌಂಡ್’ ಎಂದರೆ ಕಟ್ಟಿಗೆ ಸಿಕ್ಕಿದ್ದು. ಇದೇ ಜಾಡಿನ ‘ಹೈಡ್‌ಬೌಂಡ್’ ಎಂಬ ಹಳೆಯ ಪದವನ್ನು ಮೇವಿಲ್ಲದೆ ಬಡವಾಗಿ, ತೊಗಲು ಪಕ್ಕೆಲುಬಿಗೆ ಅಂಟಿಕೊಂಡ ದನಕ್ಕೆ ಬಳಸುತ್ತಿದ್ದರು. ಈಗ ಅದು ಹಟಮಾರಿ ಸಂಪ್ರದಾಯಸ್ಥರಿಗೆ ಮೀಸಲು. ಕನ್ನಡದಲ್ಲಿಯೂ ದೇಹದ ಮಾತಿಗೆ ‘ಕಟ್ಟು’ ಇದೆ. ಆದರೆ ನಮಗೆ ಅದು ಹೊಗಳಿಕೆ: ಒಳ್ಳೆಯ ಮೈಕಟ್ಟು, ಕಟ್ಟುಮಸ್ತಾದ ಆಳು. ಅದಕ್ಕಿಂತ ಸೊಗಸಾದುದು ‘ಹುರಿಗಟ್ಟಿದ ಮೈ’. ಹುರಿ ಎಂದರೆ ಹೊಸೆದ ಹಗ್ಗ. ಗಟ್ಟಿಯೂ ಹೌದು, ಬೇಕೆಂದಂತೆ ಬಾಗುವುದೂ ಹೌದು. (ಚುನಾವಣೆ ಬಂದಾಗ ಪತ್ರಿಕೆಗಳು ಟಿಕೆಟ್ ಸಿಕ್ಕವರನ್ನೆಲ್ಲ ‘ಹುರಿಯಾಳು’ ಮಾಡಿಬಿಡುವುದು ಬೇರೆ ಮಾತು.) ಬಲ ಮತ್ತು ಬಾಗು ಒಂದಕ್ಕೊಂದು ವೈರಿ ಎಂಬ ಎಣಿಕೆ ಈ ಪದಗಳಲ್ಲಿಲ್ಲ.

ಆ ಎಣಿಕೆ ನಿಜವೇ? 1940ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ದೇಹದಾರ್ಢ್ಯಪಟು ಜಾನ್ ಗ್ರಿಮೆಕ್ ಪ್ರದರ್ಶನ ನೀಡಿದಾಗ, ಭಾರಸಾಧನೆಯನ್ನು ಸಂಶಯದಿಂದ ಕಾಣುತ್ತಿದ್ದ ಶರೀರಶಾಸ್ತ್ರಜ್ಞ ಪೀಟರ್ ಕಾರ್ಪೊವಿಚ್ ಬೆನ್ನು ಕೆರೆದು ತೋರಿಸುವಂತೆ ಕೇಳಿದರು. ಗ್ರಿಮೆಕ್ ಕೆರೆದು ತೋರಿಸಿದ್ದಲ್ಲದೆ ಕಾಲುಗಳನ್ನು ಚಾಚಿ ನೆಲಕ್ಕೂ ಕುಳಿತ. ಕಾರ್ಪೊವಿಚ್ ಸುಮ್ಮನಾಗಲಿಲ್ಲ. ಮುಂದೆ ತಮ್ಮ ಶಿಷ್ಯ ಜೋರ್ಬಾಸ್ ಅವರೊಡನೆ ಭಾರ ಎತ್ತುವ 300 ಮಂದಿಯನ್ನೂ ಎತ್ತದ 300 ಮಂದಿಯನ್ನೂ ಪರೀಕ್ಷಿಸಿದರು. 1951ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎತ್ತುವವರ ಕೈಗಳೇ ಹೆಚ್ಚು ಚುರುಕಾಗಿದ್ದವು. 2021ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೀಲುಗಳ ಚಲನೆ ಹೆಚ್ಚಿಸುವುದರಲ್ಲಿ ಭಾರಸಾಧನೆಗೂ ಮೈ ಹಿಗ್ಗಿಸುವ ವ್ಯಾಯಾಮಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ‘ಶಾಂತಲಾ’ ಕಾದಂಬರಿಯ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. 1930ರಲ್ಲೇ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದವರು. ಅವರ ಪದ್ಧತಿಯಲ್ಲಿ ಡಂಬೆಲ್ ಜೊತೆಗೆ ಆಸನಗಳೂ ಸೂರ್ಯನಮಸ್ಕಾರವೂ ಇದ್ದವು. ನಮ್ಮ ಭಾಗದ ಗರಡಿಯ ಪೈಲ್ವಾನರ ಬೈಠಕ್ ಎಂದರೆ ಹಿಮ್ಮಡಿಗೆ ತೊಡೆ ತಾಗುವ ತನಕ ಕೂರುವುದು. ಕುಸ್ತಿಯ ಕಣದಲ್ಲಿ ಬಾಗದ ಮೈ ಬಹಳ ಹೊತ್ತು ಉಳಿಯದು.

ಹಾಗೆಂದು ಆ ಪದ ಪೂರಾ ಸುಳ್ಳಲ್ಲ. ತೋಳು ವಿಪರೀತ ದಪ್ಪವಾದರೆ ಮಾಂಸಕ್ಕೆ ಮಾಂಸವೇ ಅಡ್ಡ ಬಂದು ಮೊಣಕೈ ಪೂರ್ತಿ ಮಡಚದು. ಕನ್ನಡಿ ಮುಂದೆ ನಿಂತು, ಅರ್ಧ ಇಳಿದು ಅರ್ಧ ಏಳುತ್ತ, ಎದೆ ತೋಳುಗಳನ್ನಷ್ಟೇ ಬೆಳೆಸುವವರ ಮೈ ಬಿಗಿಯುವುದೂ ಉಂಟು. ಅದು ಅಭ್ಯಾಸದ ದೋಷ, ಭಾರದ್ದಲ್ಲ. ಈ ಭೇದ ಮರೆತು ಹಳೆಯ ಭಯವನ್ನು ಎಳೆಯರ ತಲೆಗೆ ತುಂಬುವುದನ್ನು ನಾನು ಒಪ್ಪಲಾರೆ. ಹೆಣ್ಣುಮಕ್ಕಳನ್ನು ಗರಡಿ, ಜಿಮ್‌ಗಳಿಂದ ದೂರವಿಡಲು ಇಂಥ ಮಾತು ಇನ್ನೂ ಸುಲಭವಾಗಿ ಒದಗುತ್ತದೆ.

ಇಂಗ್ಲಿಷಿನವರು ಈ ವಿಶೇಷಣವನ್ನು ಭಾರೀ ಸೇನೆಗೆ, ಆಡಳಿತಕ್ಕೆ, ಗದ್ಯಶೈಲಿಗೂ ಹಚ್ಚುತ್ತಾರೆ. ಅಂಥ ಕಡೆ ನಮ್ಮ ‘ಸೆಟೆದುಕೊಂಡ’ ಎಂಬುದೇ ಸಾಕು. ಅದರಲ್ಲಿ ಬಿಗಿತವೂ ಇದೆ, ಬಿಂಕವೂ ಇದೆ. ದೇಹದ ಮಟ್ಟಿಗೆ ‘ಕಟ್ಟುಬಿದ್ದ ಮೈ’ ಎನ್ನಬಹುದೆಂದು ಹುಡುಗನಿಗೆ ಹೇಳಿದೆ. ಅವನು ಪದಕ್ಕಿಂತ ಬೈಠಕ್ ವಿಚಾರವನ್ನೇ ಹೆಚ್ಚು ಕೇಳಿಸಿಕೊಂಡ. ಈಗ ಮತ್ತೆ ಭಾರ ಎತ್ತುತ್ತಿದ್ದಾನೆ, ಪೂರ್ತಿ ಕೆಳಗಿಳಿದು.