ದಂಡ್ಯರಾರು, ದಂಡನೆ ಯಾರಿಗೆ?

ಅಪರಾಧವೆಲ್ಲಿರುವುದೋ ದಂಡವೂ ಅಲ್ಲಿಯೇ ಬೀಳಬೇಕೆಂಬುದು ದಂಡನೀತಿಯ ಮೊದಲನೆಯ ಪಾಠವು. ಈಗಿನ ವ್ಯಾಪಾರ ನಿರ್ಬಂಧಗಳು ಈ ಪಾಠವನ್ನು ಹಾಡುಹಗಲೇ ಮರೆತಿರುವುವು.

ಯುಕ್ರೇನ್ ಯುದ್ಧದ ನಿಮಿತ್ತ ರಷ್ಯಾದ ಮೇಲೆ ನಿರ್ಬಂಧಗಳನ್ನು ಹೇರುತ್ತಿದ್ದ ಐರೋಪ್ಯ ಒಕ್ಕೂಟವು ೨೦೨೫ನೆಯ ಇಸವಿ ಜುಲೈ ೧೮ರಂದು ಗುಜರಾತಿನ ವಾಡಿನಾರಿನಲ್ಲಿ ತೈಲ ಶುದ್ಧೀಕರಣಾಗಾರವುಳ್ಳ ನಯಾರಾ ಎನರ್ಜಿ ಕಂಪೆನಿಯನ್ನೂ ಆ ಪಟ್ಟಿಗೆ ಸೇರಿಸಿತು. ರಷ್ಯಾದ ರೋಸ್ನೆಫ್ಟ್ ಸಂಸ್ಥೆಗೆ ಅದರಲ್ಲಿ ನೂರಕ್ಕೆ ಸುಮಾರು ೪೯ರಷ್ಟು ಪಾಲಿರುವುದು. ನಾಲ್ಕೇ ದಿನಗಳಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯು ನಯಾರಾದ ಮಿಂಚಂಚೆ ಮೊದಲಾದ ಸೇವೆಗಳನ್ನು ನಿಲ್ಲಿಸಿತು. ಹಣವನ್ನು ಸಲ್ಲಿಸಿದ್ದರೂ ತನ್ನ ದತ್ತಾಂಶವೇ ತನಗೆ ದೊರಕದಾಯಿತೆಂದು ನಯಾರಾ ದೆಹಲಿಯ ಹೈಕೋರ್ಟಿಗೆ ಮೊರೆಯಿಟ್ಟಿತು. ಆ ತಿಂಗಳು ಮುಗಿಯುವುದರೊಳಗೆ ಸೇವೆಗಳು ಮರಳಿದವು. ಆ ತೈಲದ ವರ್ತಕರ ಮೇಲೆ ನನಗೆ ಮಮತೆಯೇನೂ ಇಲ್ಲ. ಆದರೆ ಶಾಸನವು ಯೂರೋಪಿನದು, ಬೀಗವು ಅಮೆರಿಕದ್ದು, ಹೊರಗೆ ನಿಂತವನು ಭಾರತದ ಗುಮಾಸ್ತನು! ಭಾರತ ಸರ್ಕಾರವಾದರೋ ಇಂತಹ ಏಕಪಕ್ಷೀಯ ನಿರ್ಬಂಧಗಳನ್ನು ತಾನು ಒಪ್ಪುವುದಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿರುವುದು.

“ತಂತ್ರಾಂಶವು ಒಡೆಯನ ಸ್ವತ್ತು, ಬೇಕಾದವರಿಗೆ ಕೊಡುವನು, ಬೇಡವಾದರೆ ಬಿಡುವನು” ಎಂಬುದು ಪೂರ್ವಪಕ್ಷವು. ಸಾಮಾನನ್ನು ಮಾರದ ಅಂಗಡಿಯನ್ನು ಬಿಟ್ಟು ಮತ್ತೊಂದಕ್ಕೆ ಹೋಗಬಹುದು, ನಿಜ. ೧೯೮೦ರ ದಶಕದಲ್ಲಿ ಭಾರತವು ಬಯಸಿದ ಬಲಿಷ್ಠವಾದ ಕ್ರೇ ಗಣಕವನ್ನು ಅಮೆರಿಕವು ಕೊಡದಿರಲು, ೧೯೮೮ರಲ್ಲಿ ಸಿ-ಡ್ಯಾಕ್ ಸಂಸ್ಥೆಯು ಹುಟ್ಟಿ ೧೯೯೧ರಲ್ಲಿ ಪರಮ್ ಗಣಕವನ್ನೇ ನಿರ್ಮಿಸಿತು. ಪ್ರಕೃತ ವಿಷಯವು ಹಾಗಲ್ಲ. ಹೊಳೆನರಸೀಪುರದ ರೈತನೊಬ್ಬನು ಬಾಡಿಗೆ ಕೊಟ್ಟು ತನ್ನ ರಾಗಿಯನ್ನು ನೆರೆಯವನ ಹಗೇವಿನಲ್ಲಿ ತುಂಬಿಟ್ಟಿರಲು, ಮೂರನೆಯವನೊಡನೆ ಜಗಳವಾಯಿತೆಂದು ನೆರೆಯವನು ಹಗೇವನ್ನೇ ಮುಚ್ಚಿದರೆ, ಅದನ್ನು ವ್ಯಾಪಾರ ಸ್ವಾತಂತ್ರ್ಯವೆನ್ನಬಹುದೆ?

ನಯಾರಾಕ್ಕೆ ವಕೀಲರಿದ್ದರು. ೨೦೧೯ರ ಜುಲೈ ತಿಂಗಳಿನಲ್ಲಿ ಗಿಟ್‌ಹಬ್ ಸಂಸ್ಥೆಯು ಅಮೆರಿಕದ ಶಾಸನಕ್ಕೆ ತಲೆಬಾಗಿ ಇರಾನ್, ಸಿರಿಯಾ, ಕ್ರಿಮಿಯಾಗಳ ಬಳಕೆದಾರರ ಖಾಸಗಿ ಬರಹಕೋಶಗಳನ್ನು ಮುಚ್ಚಿದಾಗ, ಅಲ್ಲಿನ ಪ್ರೋಗ್ರಾಮರುಗಳಿಗೆ ಯಾವ ನ್ಯಾಯಸ್ಥಾನವಿತ್ತು? ಇರಾನಿನವರಿಗೆ ಬಾಗಿಲು ತೆರೆದುದು ೨೦೨೧ರ ಜನವರಿಯಲ್ಲಿ, ಅದೂ ಅಮೆರಿಕ ಸರ್ಕಾರವು ಪರವಾನಗಿಯನ್ನಿತ್ತ ಮೇಲೆ. ಅವರು ಯಾವ ಯುದ್ಧವನ್ನು ಹೂಡಿದ್ದರು? ನಾಳೆ ಅರಕಲಗೂಡಿನ ಅಂಗಡಿಕಾರನ ಲೆಕ್ಕಕ್ಕೆ ಇದೇ ಗತಿಯೊದಗಿದರೆ ಅವನು ದೆಹಲಿಯ ನ್ಯಾಯಾಲಯದ ಮೆಟ್ಟಿಲನ್ನೇರಬಲ್ಲನೆ?

ಆದಕಾರಣ ನಮ್ಮ ಪಾರ್ಲಿಮೆಂಟು ಶಾಸನವನ್ನು ಮಾಡಲಿ: ಮುನ್ಸೂಚನೆಯಿಲ್ಲದೆ ಸೇವೆಯನ್ನು ನಿಲ್ಲಿಸಕೂಡದು, ನಿಲ್ಲಿಸಿದರೂ ಬಳಕೆದಾರನ ಬರಹ, ಲೆಕ್ಕಗಳನ್ನು ಅವನಿಗೆ ಹಿಂದಿರುಗಿಸಲೇಬೇಕು. ಅಷ್ಟರವರೆಗೆ ಹಾಸನ, ಚನ್ನರಾಯಪಟ್ಟಣಗಳ ಶಾಲೆಗಳೂ ಸಹಕಾರ ಸಂಘಗಳೂ ಅಂಕಪಟ್ಟಿ, ಸಾಲಪಟ್ಟಿಗಳ ನಕಲನ್ನು ತಮ್ಮ ಸ್ವಂತ ಗಣಕದಲ್ಲಿ, ಲಿಬ್ರೆ ಆಫೀಸಿನಂತಹ ಸ್ವತಂತ್ರ ತಂತ್ರಾಂಶದಲ್ಲಿ ತೆರೆಯಬರುವಂತೆ ಇಟ್ಟುಕೊಳ್ಳತಕ್ಕದ್ದು. ಇದಕ್ಕೆ ಯಾವ ದೇಶದ ಅಪ್ಪಣೆಯೂ ಬೇಕಿಲ್ಲ.