ಮೇಜರ್ ಗೆರೆಯ ‘ಮೊದಲಿಗರು’

ಆಗ್ನೇಯ ಆಸ್ಟ್ರೇಲಿಯದಲ್ಲಿ ವಲಸಿಗ ಮನೆತನಗಳ ಮೂಲವನ್ನು ಅರಸುವವರು ಒಂದು ಗಾಡಿಜಾಡನ್ನು ಹಿಡಿದು ಹೊರಡುವುದುಂಟು. ‘ಮೇಜರ್ ಗೆರೆ’ ಎಂದು ಅದರ ಹೆಸರು. ನ್ಯೂ ಸೌತ್ ವೇಲ್ಸ್‌ನ ಸರ್ವೇಯರ್ ಜನರಲ್ ಆಗಿದ್ದ ಮೇಜರ್ ಥಾಮಸ್ ಮಿಚೆಲ್ 1836ರಲ್ಲಿ ಲಾಕ್ಲನ್, ಮರಂಬಿಜಿ, ಮರ್ರೆ ನದಿಗಳ ದಂಡೆಯಲ್ಲಿ ಡಾರ್ಲಿಂಗ್ ಸಂಗಮದವರೆಗೆ ಸರ್ವೆ ನಡೆಸಿ, ಹಿಂದಿರುಗಿ ನೈಋತ್ಯದ ಗ್ಲೆನೆಲ್ಗ್ ನದಿಯತ್ತ ನಡೆದ. ದೋಣಿಗಳನ್ನೂ ಹೇರಿಕೊಂಡಿದ್ದ ಅವನ ಎತ್ತಿನ ಗಾಡಿಗಳು ಮೆತ್ತನೆಯ ನೆಲದಲ್ಲಿ ಕೊರೆದ ಗುರುತೇ ಆ ಗೆರೆ. ಮರುವರ್ಷದಿಂದ ಕುರಿಮಂದೆಗಳೊಡನೆ ಬಂದವರಿಗೆ ಅದೇ ಹೆದ್ದಾರಿಯಾಯಿತು. ವಂಶಾವಳಿಗಳಲ್ಲಿ ಅವರು ‘ಮೊದಲ ನೆಲಸಿಗರು’.

ಯಾರಿಗೆ ಮೊದಲು? ಮಿಚೆಲನಿಗೆ ದಾರಿ ತೋರಿದವರಲ್ಲಿ ಪೈಪರ್ ಎಂಬ ಮೂಲನಿವಾಸಿಯಿದ್ದ; ಎಳೆಯ ಮಗಳೊಡನೆ ನಡೆದ ತುರಂಡುರೆ ಎಂಬ ವಿಧವೆಯಿದ್ದಳು. ನೀರಿನ ನೆಲೆ ಬಲ್ಲವರ ಬೆನ್ನ ಹಿಂದೆ ನಡೆದವನು ‘ಶೋಧಕ’ನಾದದ್ದು ವಿಚಿತ್ರವೇ. ಯಾತ್ರೆಯ ಕೊನೆಗೆ ಆ ಮಗುವನ್ನು ಅವನು ಸಿಡ್ನಿಯ ತನ್ನ ಮನೆಗೆ ಒಯ್ದ.

1836ರ ಮೇ 27ರಂದು ಮರ್ರೆ ದಂಡೆಯಲ್ಲಿ ಅವನ ತಂಡದವರು ಪೊದೆಗಳಲ್ಲಿ ಹೊಂಚಿ ಕುಳಿತು, ಹಿಂದೆ ಬರುತ್ತಿದ್ದ ಕುರೇಂಜಿ ಮತ್ತು ಬಾರ್ಕಿಂಜಿ ಜನರ ಮೇಲೆ ಗುಂಡು ಹಾರಿಸಿದರು. ಪ್ರಾಣಭಯದಿಂದ ನದಿಗೆ ಧುಮುಕಿದವರನ್ನೂ ಬಿಡಲಿಲ್ಲ. ಕನಿಷ್ಠ ಏಳು ಮಂದಿ ಸತ್ತರು. ಪಕ್ಕದ ಗುಡ್ಡಕ್ಕೆ ಮಿಚೆಲ್ ಇಟ್ಟ ಹೆಸರು ಮೌಂಟ್ ಡಿಸ್ಪರ್ಷನ್, ಎಂದರೆ ಚದುರಿಸಿದ ಗುಡ್ಡ. ಕೊಲೆಯನ್ನು ಚದುರಿಸುವಿಕೆಯೆಂದು ಬರೆದುಕೊಳ್ಳುವ ಶಕ್ತಿ ನಕ್ಷೆಗಿದೆ. ಸಿಡ್ನಿಯಲ್ಲಿ ವಿಚಾರಣೆಯಾಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. 1839ರಲ್ಲಿ ಅವನಿಗೆ ‘ಸರ್’ ಪದವಿಯೂ ದೊರೆಯಿತು.

ಅವನು ‘ಆಸ್ಟ್ರೇಲಿಯ ಫೆಲಿಕ್ಸ್’, ಸುಖದ ನಾಡು, ಎಂದು ಕೊಂಡಾಡಿದ ಹುಲ್ಲುಗಾವಲು ತಾನಾಗಿ ಬೆಳೆದದ್ದಲ್ಲ. ಅಲ್ಲಿಯ ಜನ ಕಾಲವರಿತು ಬೆಂಕಿಯಿಟ್ಟು ಕಾಪಾಡಿಕೊಂಡು ಬಂದ ನೆಲ ಅದು. ಬೆಂಕಿಗೂ ಹುಲ್ಲಿಗೂ ಅವರ ಬದುಕಿಗೂ ಇರುವ ನಂಟನ್ನು ಮಿಚೆಲನೇ 1848ರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ. ಅಷ್ಟರಲ್ಲಿ ಕುರಿಗಳು ಕೆಲಸ ಮುಗಿಸಿದ್ದವು. ಹೆಂಗಸರು ಅಗೆಯುಕೋಲಿನಿಂದ ಕಿತ್ತು ತರುತ್ತಿದ್ದ ಮುರ್ನಾಂಗ್ ಗೆಡ್ಡೆಯನ್ನು ಅವು ಬೇರುಸಹಿತ ಮೇಯ್ದವು. ಗೊರಸುಗಳು ಹಗುರ ಮಣ್ಣನ್ನು ತುಳಿದು ಗಟ್ಟಿಯಾಗಿಸಿದವು. ಕೋವಿ ತಲುಪದ ಕಡೆಗೂ ಹಸಿವು ತಲುಪಿತು. ಇಷ್ಟಕ್ಕೆಲ್ಲ ಸರಕಾರ ಕುರಿಯವರಿಂದ ವಸೂಲು ಮಾಡುತ್ತಿದ್ದುದು ವರ್ಷಕ್ಕೆ 10 ಪೌಂಡ್ ಪರವಾನಗಿ ಶುಲ್ಕ. (ಮರ್ರೆ ದಂಡೆಯ ಕೆಂಪು ಗಮ್ ಮರ, ಮಲೆನಾಡಿನವರು ಬಲ್ಲ ನೀಲಗಿರಿಯ ಬಳಗದ್ದೇ. ಅಲ್ಲಿ ಅದು ತನ್ನ ನದಿಯ ನೆರೆನೀರು ಕುಡಿದು ಬದುಕುವ ಮರ.)

ಅಜ್ಜಂದಿರ ಹೆಜ್ಜೆ ಹುಡುಕುವುದು ತಪ್ಪಲ್ಲ. ಆ ಅಜ್ಜಂದಿರಲ್ಲಿ ಬಡವರಿದ್ದರು, ಶಿಕ್ಷೆ ಮುಗಿಸಿ ಬಂದ ಕೈದಿಗಳಿದ್ದರು. ಆದರೆ ಚಕ್ರದ ಗುರುತಿನಿಂದ ಎಣಿಕೆ ಆರಂಭಿಸಿದರೆ ಅದರ ಕೆಳಗಿದ್ದ ಕಾಲುದಾರಿ ಲೆಕ್ಕಕ್ಕೆ ಸಿಗದು. ಯಾರದೂ ಅಲ್ಲದ ನೆಲವೆಂಬ ಕಾನೂನಿನ ಸುಳ್ಳನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ 1992ರಲ್ಲಿ ಮಾಬೋ ಪ್ರಕರಣದಲ್ಲಿ ತಳ್ಳಿಹಾಕಿತು. ‘ಮೊದಲಿಗ’ ಎಂಬ ಮಾತು ಮಾತ್ರ ಕಲ್ಲುಗಳ ಮೇಲೆ ಉಳಿದಿದೆ.

2020ರಲ್ಲಿ ಮೌಂಟ್ ಡಿಸ್ಪರ್ಷನ್ ಹತ್ಯಾಕಾಂಡದ ತಾಣವನ್ನು ನ್ಯೂ ಸೌತ್ ವೇಲ್ಸ್ ಸರಕಾರ ಮೂಲನಿವಾಸಿಗಳ ಸಂರಕ್ಷಿತ ಸ್ಥಳವೆಂದು ಘೋಷಿಸಿತು. ಆ ಘೋಷಣೆಯಲ್ಲೂ ಗುಡ್ಡಕ್ಕೆ ಇರುವುದು ಮಿಚೆಲ್ ಇಟ್ಟ ಹೆಸರೇ.