ಸ್ಪೈಡರ್‌ಮ್ಯಾನನ ಹಾಜರಿ

ಕಳೆದ ದಸರಾ ರಜೆಯಲ್ಲಿ, ಇದೇ ಊರಿನಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯಲ್ಲಿ, ನನಗೂ ಚಿಕ್ಕಪ್ಪನ ಮಗನಿಗೂ ಒಂದು ವಾಗ್ಯುದ್ಧವೇ ನಡೆದುಹೋಯಿತು. ವಿಷಯ ರಾಜಕೀಯವಲ್ಲ, ಕ್ರಿಕೆಟ್ಟೂ ಅಲ್ಲ; ಅಂದು ರಾತ್ರಿ ನಾವು ನೋಡಿದ ‘ಸ್ಪೈಡರ್‌ಮ್ಯಾನ್ 2’ ಎಂಬ ಇಂಗ್ಲಿಷ್ ಚಲಚ್ಚಿತ್ರ. 2002ರ ಮೊದಲ ಚಿತ್ರದ ಮುಂದುವರಿಕೆಯಾಗಿ ಸ್ಯಾಮ್ ರೈಮಿಯವರು ನಿರ್ದೇಶಿಸಿ, 2004ರಲ್ಲಿ ತೆರೆಕಂಡ ಚಿತ್ರವಿದು. ನಮ್ಮ ತಮ್ಮ ಬಿ.ಎಸ್ಸಿ. ಓದುತ್ತಿರುವವನು. ಚಿತ್ರ ಮುಗಿದೊಡನೆ, “ಏನಣ್ಣಾ, ಇಷ್ಟೊಂದು ಸುಳ್ಳನ್ನು ಬಾಯಿಬಿಟ್ಟುಕೊಂಡು ನೋಡಿದೆಯಲ್ಲ!” ಎಂದು ಹಂಗಿಸಿದ. ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿಯಾದ ನಾನು ಅಂದು ತಕ್ಕ ಉತ್ತರ ಕೊಡಲಾರದೆ ಹೋದೆ. ಅದನ್ನು ಈಗ ವಾಚಕ ಮಿತ್ರರ ಮುಂದಿಡುತ್ತಿದ್ದೇನೆ.

ಮೊದಲು ಅವನ ಪಕ್ಷವನ್ನು ಕೇಳೋಣ. ಚಿತ್ರದ ಖಳನಾಯಕ ಡಾಕ್ಟರ್ ಆಕ್ಟೇವಿಯಸ್ ಎಂಬ ವಿಜ್ಞಾನಿ. ಟ್ರಿಟಿಯಂ ಬಳಸಿ, ನಗರದ ನಡುವೆಯೇ, ಒಂದು ಪುಟ್ಟ ಸೂರ್ಯನನ್ನು ಹುಟ್ಟಿಸಲು ಹೊರಡುತ್ತಾನೆ. ಟ್ರಿಟಿಯಂ ಎಂಬುದು ಜಲಜನಕದ ಒಂದು ವಿಕಿರಣಶೀಲ ರೂಪ, ಅನಿಲ; ಚಿತ್ರದಲ್ಲಾದರೋ ಅದು ಗೋಲಿಯಂತೆ ಮಿನುಗುವ ಗುಂಡು. ಪರಮಾಣು ಬೀಜಗಳ ಸಮ್ಮಿಳನಕ್ಕೆ ಭೂಮಿಯ ಮೇಲೆ 10 ಕೋಟಿ ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಶಾಖ ಬೇಕು. ಆಹ್ವಾನಿತರು ನಾಟಕ ನೋಡುವವರಂತೆ ಎದುರಿಗೇ ನಿಂತಿದ್ದಾರೆ. ನಿಜವಾಗಿ ಅಂಥ ಬೆಂಕಿ ಹಿಡಿತ ತಪ್ಪಿದರೆ ತಾನಾಗಿಯೇ ಆರಿಹೋಗುತ್ತದೆ; ಇಲ್ಲಿ ಮಾತ್ರ ಊರನ್ನೇ ನುಂಗಲು ಹೊರಟು, ಕೊನೆಗೆ ನದಿಯ ನೀರಿನಲ್ಲಿ ಮುಳುಗಿ ಶಾಂತವಾಗುತ್ತದೆ. ವಿಜ್ಞಾನಿಯ ಬೆನ್ನುಮೂಳೆಗೆ ಅಂಟಿಕೊಂಡ ನಾಲ್ಕು ಲೋಹದ ತೋಳುಗಳು ಕಾರನ್ನು ಚೆಂಡಿನಂತೆ ಎಸೆಯುತ್ತವೆ. ಎಸೆತದ ಪ್ರತಿಬಲವನ್ನು ತಡೆಯಬೇಕಾದ ಆ ಬೆನ್ನು ಮಾತ್ರ ನಮ್ಮ ನಿಮ್ಮಂಥದೇ. ನಾಯಕನ ವೃದ್ಧೆ ಅತ್ತೆ ಮೇ ಎತ್ತರದ ಕಟ್ಟಡದ ಮೇಲಿಂದ ಬೀಳುವಾಗ ಕೊಡೆಯ ಹಿಡಿಯೊಂದನ್ನೇ ನಂಬಿ ನೇತಾಡಿ ಬದುಕುತ್ತಾಳೆ! ನ್ಯೂಯಾರ್ಕಿನ ಮೇಲ್ಸೇತುವೆಯ ಮೇಲೆ ಓಡುವ ರೈಲಿನ ದೃಶ್ಯವನ್ನಂತೂ ಷಿಕಾಗೋ ನಗರದ ಹಳಿಗಳ ಮೇಲೆ ಚಿತ್ರೀಕರಿಸಿದ್ದು.

ಇಷ್ಟೆಲ್ಲವನ್ನೂ ನಾನು ಒಪ್ಪುತ್ತೇನೆ. ಸೋಜಿಗವೆಂದರೆ, ಎಲ್ಲಕ್ಕಿಂತ ದೊಡ್ಡ ಸುಳ್ಳೆಂದು ತಮ್ಮ ನಕ್ಕ ಆ ರೈಲಿನ ಪ್ರಸಂಗಕ್ಕೇ ಒಂದು ಆಧಾರವಿದೆ. ಹಿಡಿತ ತಪ್ಪಿದ ರೈಲನ್ನು ನಾಯಕ ಜೇಡನ ನೂಲಿನಿಂದ ಎಳೆದು ನಿಲ್ಲಿಸುತ್ತಾನಷ್ಟೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿದ್ದು 2013ರಲ್ಲಿ ಸುದ್ದಿಯಾಗಿತ್ತು. ಅದಕ್ಕೆ ಬೇಕಾದ ಬಲ ಸುಮಾರು 3 ಲಕ್ಷ ನ್ಯೂಟನ್. ಅತಿ ಗಟ್ಟಿಯಾದ ಜೇಡರ ನೂಲಿನ ಗುಣವೇ ಆ ದಪ್ಪದ ಎಳೆಗಿದ್ದರೆ ಅದು ತಡೆದೀತು ಎಂದು ಅವರು ಕಂಡುಕೊಂಡರು. ತಮ್ಮನಿಗೆ ಇದನ್ನು ತೋರಿಸಿದಾಗ, “ನೂಲು ತಡೆದೀತು, ಭುಜ ತಡೆಯಬೇಕಲ್ಲ!” ಎಂದ. ಅದೂ ಸರಿಯೆ.

ಆದರೆ ಚಿತ್ರದ ಬೆಲೆಯನ್ನು ಈ ತಕ್ಕಡಿಯಲ್ಲಿ ತೂಗುವುದು ತರವೆ? ಯಕ್ಷಗಾನದಲ್ಲಿ ಹನುಮಂತ ಸಮುದ್ರವನ್ನು ಹಾರಿದಾಗ ಯಾರೂ ಅಳತೆಪಟ್ಟಿ ಹಿಡಿದು ಎದ್ದು ನಿಲ್ಲುವುದಿಲ್ಲ. ಆದರೆ ಸೀತೆಯನ್ನು ಕಂಡಾಗ ಅವನ ಕಣ್ಣು ಒದ್ದೆಯಾಗದಿದ್ದರೆ ವೇಷಧಾರಿಯನ್ನು ಯಾರೂ ಕ್ಷಮಿಸುವುದಿಲ್ಲ. ಅಸಾಧ್ಯವಾದುದನ್ನು ಪ್ರೇಕ್ಷಕ ಸಹಿಸುತ್ತಾನೆ. ಮನುಷ್ಯ ಸ್ವಭಾವಕ್ಕೆ ಒಪ್ಪದುದನ್ನು ಸಹಿಸಲಾರ.

ಈ ದೃಷ್ಟಿಯಿಂದ ನೋಡಿದರೆ ನಾಯಕ ಪೀಟರ್ ಪಾರ್ಕರ್ ನಮ್ಮಲ್ಲೊಬ್ಬ. ಟೋಬಿ ಮ್ಯಾಗ್ವೈರ್ ಆ ಪಾತ್ರಕ್ಕೆ ಕೊಟ್ಟಿರುವ ಬಳಲಿದ ಮುಖವನ್ನು ಮರೆಯುವಂತಿಲ್ಲ. ಗೋಡೆ ಹತ್ತಬಲ್ಲ ಈ ವೀರನಿಗೆ ಕೋಣೆಯ ಬಾಡಿಗೆ ಕಟ್ಟಲು ಗತಿಯಿಲ್ಲ. ಪಿಜ್ಜಾ ಹಂಚುವ ಕೆಲಸ, ತಡವಾದುದಕ್ಕೆ, ಕೈತಪ್ಪುತ್ತದೆ. ವೀರವೇಷವನ್ನು ಒಗೆಯಲು ಹಾಕಿದರೆ ಬಣ್ಣ ಬಿಟ್ಟು ಉಳಿದ ಬಟ್ಟೆಗಳಿಗೂ ಹತ್ತುತ್ತದೆ. ಸ್ವಂತ ಮನೆಯನ್ನೇ ಬ್ಯಾಂಕಿಗೆ ಕಳೆದುಕೊಳ್ಳುವ ಸ್ಥಿತಿಯಲ್ಲಿರುವ ಅತ್ತೆ, ಹುಟ್ಟುಹಬ್ಬಕ್ಕೆಂದು 20 ಡಾಲರಿನ ನೋಟನ್ನು ಅವನ ಕೈಗೆ ತುರುಕುತ್ತಾಳೆ. ಇನ್ನು ಕಾಲೇಜು! ತರಗತಿಗೆ ತಪ್ಪಿಸಿಕೊಂಡು, ತಡವಾಗಿ ಓಡಿಬಂದ ಅವನನ್ನು ಪ್ರಾಧ್ಯಾಪಕ ಕಾನರ್ಸ್ ತರಾಟೆಗೆ ತೆಗೆದುಕೊಳ್ಳುತ್ತಾನೆ. ಬುದ್ಧಿವಂತ, ಆದರೆ ಸೋಮಾರಿ ಎಂಬುದು ಹುಡುಗನಿಗೆ ಸಿಕ್ಕಿರುವ ಬಿರುದು. ರಾತ್ರಿಯೆಲ್ಲ ಅವನು ಏನು ಮಾಡುತ್ತಿದ್ದನೆಂದು ಯಾರೂ ಕೇಳುವುದಿಲ್ಲ. ಅವನು ಹೇಳುವಂತೆಯೂ ಇಲ್ಲ.

ಈಗ ನನ್ನ ಸ್ವಂತದ ಒಂದು ಮಾತು. ಚಿತ್ರ ಅರ್ಧ ನಡೆದಿದ್ದಾಗ ಬಾಗಿಲು ಬಡಿದ ಸದ್ದಾಯಿತು. ನಾವು ತರಿಸಿದ್ದ ಊಟದ ಪೊಟ್ಟಣ ಹಿಡಿದು ಹೊರಗೆ ನಿಂತಿದ್ದವನು ನನ್ನದೇ ತರಗತಿಯ ಹುಡುಗ. ದಿನವೂ ಮೊದಲನೆಯ ಪೀರಿಯಡ್ಡಿಗೆ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುವವನು. ಅವನನ್ನು ನೋಡಿ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವನು ನಾನು. ಅವನು ಹೇಳಿದ್ದು ಒಂದೇ ಮಾತು: “ಯಾರಿಗೂ ಹೇಳಬೇಡ ಕಣೋ.”

ಒಳಗೆ ಬಂದು ಮತ್ತೆ ಚಿತ್ರ ನೋಡಿದೆ. ರೈಲು ನಿಂತ ಮೇಲೆ ಮೂರ್ಛೆ ಹೋದ ಸ್ಪೈಡರ್‌ಮ್ಯಾನನನ್ನು ಪ್ರಯಾಣಿಕರು ತಲೆಯ ಮೇಲೆ ಕೈಯಿಂದ ಕೈಗೆ ದಾಟಿಸಿ ಮಲಗಿಸುತ್ತಾರೆ. ಮುಖವಾಡ ಕಳಚಿದೆ, ಎಲ್ಲರಿಗೂ ಕಾಣುವುದು ಒಂದು ಎಳೆಯ ಮುಖ. ಇಬ್ಬರು ಹುಡುಗರು ಮುಖವಾಡವನ್ನು ಹಿಂದಿರುಗಿಸಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುತ್ತಾರೆ. ಬೋಗಿಯ ತುಂಬ ಜನ, ಒಬ್ಬರೂ ಬಾಯಿಬಿಡುವುದಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ತಮ್ಮನೊಡನೆ ಒಂದು ಗಂಟೆ ಈ ದೃಶ್ಯವನ್ನೇ ಹೊಗಳಿ ವಾದಿಸಿದೆ.

ಕಾಲೇಜು ತೆರೆದ ದಿನ ಹಾಸ್ಟೆಲಿನ ಇಬ್ಬರಿಗೆ, ನಗೆಮಾತಿಗೆಂದು, ಬಾಗಿಲಿಗೆ ಬಂದವನ ಸುದ್ದಿ ಹೇಳಿಬಿಟ್ಟೆ. ಮಧ್ಯಾಹ್ನದೊಳಗೆ ತರಗತಿಗೆಲ್ಲ ತಿಳಿಯಿತು. ಆಮೇಲೆ ಅವನು ಬರುವುದೇ ಕಡಿಮೆಯಾಯಿತು. ಹಾಜರಿ ಸಾಲದೆ ಆ ಸೆಮಿಸ್ಟರಿನ ಪರೀಕ್ಷೆಗೆ ಕೂರಲಾಗಲಿಲ್ಲ.

ಆದ್ದರಿಂದ ತಮ್ಮನಿಗೆ ನನ್ನ ಉತ್ತರವಿಷ್ಟೆ: ಆ ಚಿತ್ರದಲ್ಲಿ ನಂಬಲು ಅತ್ಯಂತ ಕಷ್ಟವಾದದ್ದು ಪುಟ್ಟ ಸೂರ್ಯನಲ್ಲ, ರೈಲೂ ಅಲ್ಲ, ಅಷ್ಟು ಜನ ಒಂದು ಗುಟ್ಟನ್ನು ಕಾಪಾಡಿದರೆಂಬುದು. ಅದು ಅಸಂಭವವಾಗಿ ತೋರುವಂತೆ ಮಾಡಿದವರು ನನ್ನಂಥವರು. ಭೌತಶಾಸ್ತ್ರದ ನಿಯಮಗಳನ್ನು ನಾವು ತಿದ್ದಲಾರೆವು, ಇದನ್ನು ತಿದ್ದಬಹುದು. ಗುರುಗಳಲ್ಲಿಯೂ ಒಂದು ವಿನಂತಿ: ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹಾಕುವ ಮುನ್ನ, ಸಾಧ್ಯವಾದರೆ, ಆ ಹುಡುಗನನ್ನು ಒಬ್ಬನೇ ಇರುವಾಗ ಒಂದು ಮಾತು ಕೇಳಿ.

ಆ ಗೆಳೆಯ ಈಗ ಮತ್ತೆ ತರಗತಿಗೆ ಬರುತ್ತಿದ್ದಾನೆ. ಅವನ ಕ್ಷಮೆ ಕೇಳಿದ್ದೇನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಹೆಸರನ್ನು ಈ ಸಲ ಹೇಳಿಲ್ಲ.